ಮೇಲ್ದುಟಿಗಷ್ಟೇ ತಾಗುವ ಗಾಳ

ಬಾಗಲಕೋಟೆ ಸ್ಟೇಶನ್

ಮೀನು ತಿನ್ನದ ಮನೆಯವನಿಗೆ ಮೀನಿನ ಇಲಾಖೆಯಲ್ಲಿ ನೌಕರಿ ಸಿಕ್ಕರೆ ಮನೆಯವರ ಪಾಡು ಏನು ಎಂಬುದನ್ನು ನಮ್ಮ ಅವ್ವನನ್ನು ಕೇಳಬೇಕು. ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರಾದರೂ ‘ನಿಮ್ಮ ಮಗಾ ಯಾವ ಆಫೀಸಿನ್ಯಾಗ ಅದಾನ್ರಿ?’ ಎಂದರೆ ಅವಳು ಸೆರಗು ಸರಿ ಮಾಡಿಕೊಂಡು ‘ನೀರಿನ ಆಫೀಸಿನ್ಯಾಗ’ ಅನ್ನುತ್ತಿದ್ದಳು. ಸುಳ್ಳಂತೂ ಅಲ್ಲ. ಮೀನು ಇರುವುದು ನೀರಿನಲ್ಲೇ.

ನಮ್ಮದು ನೇಕಾರರ ಮನೆ. ಕೊರಳಲ್ಲಿ ಲಿಂಗ, ಕಾಲು ಮಗ್ಗದ ಕುಣಿಯಲ್ಲಿ. ನಮ್ಮ ವಂಶದಲ್ಲಿ ಹತ್ತನೆಯ ಇಯತ್ತೆ ದಾಟಿದವನು ನಾನೊಬ್ಬನೇ. ಬಾಗಲಕೋಟೆಯ ಕಾಲೇಜಿನಲ್ಲಿ, ಪ್ರಸಾದ ನಿಲಯದ ಊಟದ ಮೇಲೆ, ಎರಡು ಅಂಗಿಗಳಲ್ಲಿ ಬಿ.ಎಸ್ಸಿ. ಮುಗಿಸಿದೆ. ಇದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ಸಂಕೋಚವಿಲ್ಲ. ಕಂಡ ಕಂಡ ಇಲಾಖೆಗೆಲ್ಲ ಅರ್ಜಿ ಹಾಕಿದ್ದೆ. ಕರೆದದ್ದು ಮೀನುಗಾರಿಕೆ ಇಲಾಖೆ ಒಂದೇ. ಆಲಮಟ್ಟಿಯಲ್ಲಿ ಆಗ ಅಣೆಕಟ್ಟು ಏಳುತ್ತಿತ್ತು. ನೀರು ನಿಂತ ಮೇಲೆ ಮೀನು ಬಿಡಬೇಕು, ಬಿಟ್ಟದ್ದು ಬೆಳೆಯಿತೋ ಇಲ್ಲವೋ ಹಿಡಿದು ಅಳೆದು ನೋಡಬೇಕು, ಅದಕ್ಕೆ ಕಲಿತ ಹುಡುಗರು ಬೇಕು ಎಂದು ಇಲಾಖೆ ಯೋಚಿಸಿ, ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನನ್ನು ಎರಡು ತಿಂಗಳ ತರಬೇತಿಗೆ ಸ್ಕಾಟ್‌ಲೆಂಡಿಗೆ ಕಳಿಸಿತು. ತರಬೇತಿಯ ಕಾರ್ಡಿಗೆ ಅಲ್ಲಿಯವರ ಸಹಿ ಬಿದ್ದರೆ ನೌಕರಿ ಖಾಯಂ. ಬೀಳದಿದ್ದರೆ ಮತ್ತೆ ಮಗ್ಗದ ಕುಣಿ.

ಅವ್ವ ಇಳಕಲ್ಲಿನಿಂದ ನನ್ನ ಜೊತೆಗೇ ಬಸ್ಸಿನಲ್ಲಿ ಬಂದಳು. ತೊಡೆಯ ಮೇಲೆ ಒಣಗಿಸಿದ ಜೋಳದ ಕಟಕ ರೊಟ್ಟಿಯ ಗಂಟು. ಅರಿವೆಯ ಗಂಟಿಗೆ ಮೇಲೆ ಕೆಂಪು ರೇಷ್ಮೆಯ ಎಳೆ ಸುತ್ತಿದ್ದಳು. ಸೀರೆಯ ಸೆರಗು ನೇಯ್ದ ಮೇಲೆ ಮಗ್ಗದಲ್ಲಿ ಉಳಿಯುತ್ತದಲ್ಲ, ಆ ತುಂಡು ಎಳೆಗಳು. ಸ್ಟೇಶನ್ನಿನಲ್ಲಿ ಸೊಲ್ಲಾಪುರದ ಗಾಡಿ ಬಂದು ನಿಂತಾಗ ಅವಳು ಕೇಳಿದಳು.

‘ಅಲ್ಲಿ ನಿನ್ನ ಕೈಲೆ ಮೀನಾ ಹಿಡಸ್ತಾರೇನು?’

‘ಹಿಡಸಬಹುದು ಬೇ.’

‘ಕೊಲ್ಲಸ್ತಾರೇನು?’

‘ಗೊತ್ತಿಲ್ಲ.’

‘ಹಾಸಿನ ಎಳಿ ಮ್ಯಾಲೆ ಒಂದ ಇರಿವಿ ಹೊಂಟ್ರ ನಿಮ್ಮಪ್ಪ ಮಗ್ಗಾ ನಿಲ್ಲಸ್ತಾನು. ಅದು ದಾಟಿ ಹೋಗೂತನಾ ಬೀಡಿ ಸೇದಕೋತ ಕುಂದರ್ತಾನು. ಅವನ ಮಗಾ ಅದಿ ನೀ. ಲಿಂಗದ ಮ್ಯಾಲೆ ಕೈ ಇಟ್ಟ ಹೇಳು, ನನ್ನ ಕೈಯಾಗ ಒಂದ ಜೀವಾ ಹೋಗೂದಿಲ್ಲ ಅಂತ.’

ಗಾರ್ಡು ಹಸಿರು ಬಾವುಟ ತೆಗೆದಿದ್ದ. ಅಂಗಿಯ ಮೇಲಿಂದಲೇ ಲಿಂಗ ಮುಟ್ಟಿ, ಹೋಗೂದಿಲ್ಲ ಅಂದೆ. ಗಾಡಿ ಹೊರಟಿತು. ಮಾತು ಕೊಡುವುದು ಎಷ್ಟು ಹಗುರ ಎಂದು ಕೃಷ್ಣಾ ನದಿಯ ಸೇತುವೆ ಬರುವವರೆಗೂ ಅನ್ನಿಸುತ್ತಿತ್ತು. ಸೇತುವೆಯ ಮೇಲೆ ಕೆಳಗೆ ನೀರು ಕಂಡಾಗ ಅದೇ ಮಾತು ಭಾರವಾಯಿತು.

ಲಂಡನ್, ಅರ್ಧ ದಿನ

ಲಂಡನ್ನಿನ ಬಗ್ಗೆ ನನ್ನಲ್ಲಿ ಹೆಚ್ಚು ಇಲ್ಲ. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಅವ್ವನ ಗಂಟು ಬಿಚ್ಚಿ, ಒಂದು ಕಟಕ ರೊಟ್ಟಿಯನ್ನು ಬೆಳಕಿಗೆ ಹಿಡಿದು, ಮೇಜಿನ ಅಂಚಿಗೆ ಬಡಿದು ಸಪ್ಪಳ ಕೇಳಿದ. ಇದು ಏನು, ಯಾವುದಕ್ಕೆ ಬಳಸುತ್ತೀರಿ ಎಂದು ಕೇಳಿದ. ಉತ್ತರವಾಗಿ ನಾನು ಅಂಚು ಮುರಿದು ತಿಂದು ತೋರಿಸಿದೆ. ಅವನು ಗಂಟನ್ನು ನನಗಿಂತ ಚೆನ್ನಾಗಿ ಕಟ್ಟಿ, ಕೆಂಪು ಎಳೆಯನ್ನು ಹೇಗಿತ್ತೋ ಹಾಗೆಯೇ ಸುತ್ತಿ ಕೊಟ್ಟ.

ಅಲ್ಲಿಯ ಇಂಗ್ಲಿಷು ನನಗೆ ತಿಳಿಯಿತು. ಆದರೆ ಅದು ನಮ್ಮ ಕಡೆಯವರಿಗೆ ಮೈಸೂರು ಕನ್ನಡ ಕೇಳಿದ ಹಾಗಿತ್ತು. ಎಲ್ಲ ಇಸ್ತ್ರಿ ಹಾಕಿ ಮಡಚಿಟ್ಟ ಮಾತು, ಮುಟ್ಟಿದರೆ ಗೆರೆ ಬೀಳುತ್ತದೇನೋ ಎಂಬಂತೆ. ಉತ್ತರದ ರೈಲು ಹತ್ತಿದ ಮೇಲೆ ಡಬ್ಬಿಯಲ್ಲಿ ಜನ ಬದಲಾದಂತೆ ಮಾತೂ ಬದಲಾಗುತ್ತ ಹೋಯಿತು. ಕೊನೆಗೆ ಸ್ಕಾಟ್‌ಲೆಂಡ್ ಬಂದಾಗ ಇಂಗ್ಲಿಷು ಅಂಗಿಯ ತೋಳು ಮಡಚಿಕೊಂಡು ಕುಳಿತಿತ್ತು. ಶಬ್ದಗಳ ಬಾಲ ಕತ್ತರಿಸುತ್ತಾರೆ, ನಾಲಿಗೆಯಲ್ಲಿ ‘ರ’ ಉರುಳಿಸುತ್ತಾರೆ, ಗುರುತಿಲ್ಲದವನಿಗೂ ಸಲುಗೆಯಿಂದ ಮಾತಾಡುತ್ತಾರೆ. ಬಾಗಲಕೋಟೆ ಬಜಾರದಲ್ಲಿ ಇಳಿದ ಹಾಗಾಯಿತು. ಆದ್ದರಿಂದ ನಾನು ಉಳಿದುಕೊಂಡ ಮನೆಯ ಡಂಕನ್ ಅಜ್ಜ, ಅಜ್ಜಿಯರ ಮಾತನ್ನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಬಿದ್ದದ್ದೇ ಹಾಗೆ.

ಅಜ್ಜನ ಮನೆ

ಟೇ ನದಿಯ ದಂಡೆಗೆ ಒಂದು ಸಣ್ಣ ಊರು. ಡಂಕನ್ ಅಜ್ಜ ಆ ಹೊಳೆಯ ಕಾವಲುಗಾರನಾಗಿದ್ದವನು. ಕಳ್ಳತನದಿಂದ ಮೀನು ಹಿಡಿಯುವವರನ್ನು ಹಿಡಿಯುವುದು ಅವನ ಕೆಲಸವಾಗಿತ್ತು. ಈಗ ನಿವೃತ್ತ. ಅವನ ಹೆಂಡತಿ ಮೊರಾಗ್ ಅಜ್ಜಿ ಮಹಡಿಯ ಕೋಣೆಯನ್ನು ತರಬೇತಿಗೆ ಬಂದವರಿಗೆ ಕೊಡುತ್ತಿದ್ದಳು.

ಮೊದಲ ದಿನ ಅಜ್ಜಿ ಬಾರ್ಲಿಯ ಸಾರು ಬಡಿಸಿದಳು. ನಾನು ಶಾಕಾಹಾರಿ ಎಂದು ಮೊದಲೇ ಪತ್ರದಲ್ಲಿ ಬರೆದಿದ್ದೆ. ಅರ್ಧ ಬಟ್ಟಲು ಮುಗಿದ ಮೇಲೆ ಅವಳು ಸಮಾಧಾನದಿಂದ, ‘ನಿನ್ನ ಸಲುವಾಗಿ ಮಾಂಸದ ತುಂಡೆಲ್ಲಾ ಆರಿಸಿ ತಗದೀನಿ’ ಎಂದಳು. ಚಮಚ ಕೆಳಗಿಟ್ಟೆ. ಅವಳಿಗೆ ತನ್ನ ತಪ್ಪು ಏನೆಂದೇ ಹೊಳೆಯಲಿಲ್ಲ. ಆರಿಸಲು ಪಟ್ಟ ಕಷ್ಟವಂತೂ ಖರೆ. ನಾನು ಎದ್ದು ಹೋಗಿ ಅವ್ವನ ಗಂಟು ತಂದು ಬಿಚ್ಚಿದೆ. ಅಜ್ಜ ಒಂದು ಕಟಕ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಜಗಿದು, ಎದ್ದು ಹೋಗಿ ಕಪಾಟಿನಿಂದ ಒಂದು ಡಬ್ಬಿ ತಂದ. ಅದರಲ್ಲಿ ಅವರ ಓಟ್ಸ್ ಕಾಳಿನ ರೊಟ್ಟಿ. ತೆಳ್ಳಗೆ, ಒಣಗಿಸಿದ್ದು, ಮುರಿದರೆ ನಮ್ಮದರ ಹಾಗೆಯೇ ಸಪ್ಪಳ.

‘ಇದು ಎಷ್ಟ ದಿನಾ ಇರತೈತಿ?’ ಎಂದು ನನ್ನ ರೊಟ್ಟಿ ತೋರಿಸಿ ಕೇಳಿದ.

‘ಒಂದ ತಿಂಗಳ ಇರತೈತ್ರಿ ಅಜ್ಜಾರ.’

‘ನಮ್ಮದೂ ಅಷ್ಟ. ಬಡವರ ರೊಟ್ಟಿ ಎಲ್ಲಾ ಕಡೆ ಒಬ್ಬನ ಬಡಿಗ್ಯಾ ಮಾಡಿದಂಗ ಇರತಾವು.’

ಅಂದಿನಿಂದ ನನ್ನ ಊಟ ಓಟ್ಸ್ ರೊಟ್ಟಿ, ಬೆಣ್ಣೆ, ಬೇಯಿಸಿದ ಆಲೂಗಡ್ಡೆ. ಅಜ್ಜನ ಊಟಕ್ಕೆ ಅವ್ವನ ಗಂಟಿನಲ್ಲಿದ್ದ ಶೇಂಗಾ ಚಟ್ನಿ.

ಆ ಊರಿನ ಸಂಜೆಯನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮಲ್ಲಿ ಸೂರ್ಯ ಗುಡ್ಡದ ಹಿಂದೆ ಬಿದ್ದನೆಂದರೆ ಬಿದ್ದ. ಕಂದೀಲು ಹಚ್ಚುವಷ್ಟರಲ್ಲಿ ಕತ್ತಲೆ. ಅಲ್ಲಿ ಊಟವಾಗಿ, ಪಾತ್ರೆ ತೊಳೆದು, ಮಾತು ಮುಗಿದರೂ ಸಂಜೆ ಹಾಗೇ ನಿಂತಿರುತ್ತದೆ. ಹುಲ್ಲಿನ ಮೇಲೆ ಹಾಲು ಚೆಲ್ಲಿದಂಥ ಬೆಳಕು. ಹೊಳೆಯ ಮೇಲೆ ಮಂಜು ಎದ್ದು ಆಚೆ ದಂಡೆಯನ್ನು ಒಂದೊಂದೇ ಗಿಡ ಮಾಡಿ ಅಳಿಸುತ್ತದೆ. ಕಿಟಕಿಯಲ್ಲಿ ಕುಳಿತರೆ ನಾನು ಎಚ್ಚರವಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಮಗ್ಗದ ಸಪ್ಪಳ ಕೇಳಿದಂತಾಗುತ್ತಿತ್ತು. ಕಿವಿಗೊಟ್ಟರೆ ಹೊಳೆ.

ಮೊದಲ ಪಾಠ

ತರಬೇತಿಯ ಮಾಸ್ತರ ಎತ್ತರದ, ಅವಸರದ ಮನುಷ್ಯ. ಮೊದಲ ದಿನವೇ ತರಬೇತಿಗೆ ಬಂದ ನಮ್ಮನ್ನೆಲ್ಲ ದಂಡೆಗೆ ಕರೆದುಕೊಂಡು ಹೋಗಿ ಗಾಳ ಬೀಸಿ ಒಂದು ಟ್ರೌಟ್ ಮೀನು ಹಿಡಿದ. ಮೀನು ಗಾಳವನ್ನು ಗಂಟಲಿನವರೆಗೆ ನುಂಗಿತ್ತು. ಕಿವಿರಿನಿಂದ ನೆತ್ತರು. ಅವನು ಅದರ ತಲೆಗೆ ಸಣ್ಣ ಕೋಲಿನಿಂದ ಒಂದು ಏಟು ಕೊಟ್ಟು, ಹೊಟ್ಟೆ ಸೀಳಿ, ಅದು ತಿಂದಿದ್ದ ಹುಳಗಳನ್ನು ತಟ್ಟೆಯಲ್ಲಿ ಹರವಿ ಪಾಠ ಮಾಡಿದ. ಪಾಠ ಒಳ್ಳೆಯದೇ ಇತ್ತು. ನಾನು ಮೂರು ಹೆಜ್ಜೆ ಹಿಂದೆ ನಿಂತು ಬರೆದುಕೊಂಡೆ.

ಕೊನೆಗೆ ಅವನು ಹೇಳಿದ ನಿಯಮ ಇದು: ಕಡೆಯ ವಾರದಲ್ಲಿ ಪ್ರತಿಯೊಬ್ಬರೂ ತಾವೇ ಕಟ್ಟಿದ ಗಾಳದಿಂದ ಒಂದು ಮೀನು ಹಿಡಿಯಬೇಕು. ಅಳೆಯಬೇಕು, ವಯಸ್ಸು ತಿಳಿಯಲು ಮೈಮೇಲಿನ ಎರಡು ಹುರುಪೆ ತೆಗೆದಿಟ್ಟುಕೊಳ್ಳಬೇಕು, ತಿರುಗಿ ನೀರಿಗೆ ಬಿಡಬೇಕು. ಆಗ ಕಾರ್ಡಿಗೆ ಸಹಿ.

‘ಮೀನು ಸತ್ತರೆ?’ ಎಂದು ಕೇಳಿದೆ.

‘ಕೆಲವು ಸಾಯುತ್ತವೆ’ ಎಂದ. ಅವನ ಇಂಗ್ಲಿಷು ಲಂಡನ್ನಿನದು.

ಅಂದು ಸಂಜೆ ಅಜ್ಜನ ಮುಂದೆ ಎಲ್ಲ ಹೇಳಿದೆ: ಅವ್ವ, ಇರುವೆ, ಲಿಂಗ, ಸ್ಟೇಶನ್ನು. ಜೊತೆಗೆ ನಾನು ಬಿ.ಎಸ್ಸಿ. ಎಂಬುದನ್ನೂ ಹೇಳಿದೆ. ಪ್ರಮಾಣಪತ್ರ ಪ್ಲಾಸ್ಟಿಕ್ ಚೀಲದಲ್ಲಿ ಪೆಟ್ಟಿಗೆಯ ತಳದಲ್ಲಿತ್ತು, ತಂದು ತೋರಿಸಿದೆ. ಆ ದೇಶದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅಜ್ಜ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, ಮಡಿಕೆಯಂತೆಯೇ ಮಡಚಿ ಕೊಟ್ಟ.

‘ಭಾಳ ಚಲೋ ಆತು. ನಮ್ಮ ಮನಿತನದಾಗ ಯಾರೂ ಇಷ್ಟ ಓದಿಲ್ಲ. ಈಗ ಕೈ ತೋರಸು.’

ನನ್ನ ಬೆರಳುಗಳನ್ನು ತಿರುಗಿಸಿ ನೋಡಿದ. ‘ಇವು ಓದಿದಾವನ ಬೊಟ್ಟ ಅಲ್ಲ. ಏನ ಮಾಡ್ಯಾವ ಇವು?’

ಹೇಳಲು ಮನಸ್ಸಿರಲಿಲ್ಲ, ಆದರೂ ಹೇಳಿದೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೆ ನಮ್ಮಲ್ಲಿ ತೆನಿ ಎನ್ನುತ್ತಾರೆ. ಕಾಲೇಜು ಸೇರುವವರೆಗೆ ನಾನು ಸಾಲಿಯಿಂದ ಬಂದು ತೆನಿ ಕೂಡಿಸುತ್ತಿದ್ದೆ. ಡಿಗ್ರಿ ಬಂದ ದಿನ, ಈ ಬೆರಳುಗಳಿಗೆ ಇನ್ನು ಆ ಕೆಲಸವಿಲ್ಲ ಎಂದುಕೊಂಡಿದ್ದೆ.

‘ಹಂಗಾರ ಕುಂದರು’ ಎಂದ ಅಜ್ಜ.

ತಂಬಾಕಿನ ಡಬ್ಬಿ

ಅಜ್ಜನ ಗಾಳಗಳು ಹಳೆಯ ತಂಬಾಕಿನ ಡಬ್ಬಿಯಲ್ಲಿದ್ದವು. ಒಳಗೆ ರಟ್ಟಿನ ಸಣ್ಣ ಸಣ್ಣ ಗೂಡು, ಒಂದೊಂದು ಗೂಡಿನಲ್ಲಿ ಒಂದೊಂದು ನಂಬರು. ನಂಬರು ದೊಡ್ಡದಾದಷ್ಟು ಗಾಳ ಸಣ್ಣದು ಎಂದು ಅವನು ತಿಳಿಸಿ ಹೇಳಲು ಹೊರಟಾಗ, ನೂಲೂ ಹಾಗೆಯೇ ಅಲ್ಲವೇ ಎಂದೆ. ಅರವತ್ತರ ನೂಲಿಗಿಂತ ನೂರರ ನೂಲು ತೆಳು. ಅಜ್ಜ ಹೆಂಡತಿಯನ್ನು ಕೂಗಿ, ‘ಇವಗ ಬರೇ ಒಮ್ಮೆ ಹೇಳಿದ್ರ ತಿಳೀತು ನೋಡ. ನಿನ್ನ ತಮ್ಮಗ ಹತ್ತ ವರ್ಷ ಹಿಡೀತು’ ಎಂದ. ಒಳಗಿನಿಂದ ಅಜ್ಜಿ, ‘ಕಲಸಾವ್ರು ಸರಿ ಇರಬೇಕಲ್ಲ’ ಎಂದಳು.

ಗಾಳವನ್ನು ಸಣ್ಣ ಇಕ್ಕಳದ ಬಾಯಿಗೆ ಸಿಕ್ಕಿಸಿ, ಅದರ ಮೇಲೆ ದಾರ, ಉಣ್ಣೆ, ಹಕ್ಕಿಯ ಪುಕ್ಕ ಸುತ್ತಿ ಹುಳದ ಹಾಗೆ ಮಾಡುತ್ತಾರೆ. ಮೀನು ಹುಳವೆಂದು ಬಾಯಿ ಹಾಕುತ್ತದೆ. ದಾರದ ಉರುಳೆ ನಮ್ಮ ಲಾಳಿಯೊಳಗಿನ ಕಂಡಿಕೆಯ ಹಾಗೆಯೇ ಇತ್ತು, ಆದರೆ ಕಿರುಬೆರಳಷ್ಟು. ದಾರ ಕೈಗೆ ಬಂದ ಕೂಡಲೇ ಬೆರಳುಗಳು ನನ್ನನ್ನು ಕೇಳದೆಯೇ ಕೆಲಸ ಶುರು ಮಾಡಿದವು.

‘ಯಾವ ಗಾಳಾ ಬೇಕು, ನೀನ ಆರಸು’ ಎಂದ ಅಜ್ಜ.

ಡಬ್ಬಿಯಲ್ಲಿದ್ದ ಎಲ್ಲಕ್ಕಿಂತ ಸಣ್ಣದನ್ನು ಆರಿಸಿದೆ. ಹದಿನೆಂಟನೆಯ ನಂಬರು. ಜೋಳದ ಕಾಳಿನ ಮೇಲೆ ಇಟ್ಟರೂ ಕುಳಿತುಕೊಳ್ಳುವಷ್ಟು ಸಣ್ಣದು.

‘ಸಣ್ಣದ ಆತಲ್ಲೋ ತಮ್ಮಾ.’

‘ನಾ ವಿಜ್ಞಾನ ಓದೇನಿ ಅಜ್ಜಾರ. ಮೊನಿ ಸಣ್ಣದಿದ್ದಷ್ಟ ಗಾಯ ಸಣ್ಣದು, ಗಾಯ ಸಣ್ಣದಿದ್ದಷ್ಟ ನೋವು ಕಡಿಮಿ.’

ಅಜ್ಜ ಪೈಪಿನಿಂದ ಬೂದಿ ಕೊಡವಿದ. ‘ಬಿ.ಎಸ್ಸಿ. ಹಂಗ ಹೇಳಿದ್ರ ಹಂಗ.’

ಹೊಳೆ, ಒಂದು ಸಂಜೆ

ತೊಡೆಯವರೆಗಿನ ರಬ್ಬರ್ ಬೂಟು ಹಾಕಿಕೊಂಡು ನೀರಿಗಿಳಿದೆವು. ಜುಲೈ ತಿಂಗಳಲ್ಲೂ ಆ ನೀರು ಬೂಟಿನ ಆಚೆಯಿಂದಲೇ ಎಲುಬು ಮುಟ್ಟುತ್ತಿತ್ತು. ತಿಳಿ ಎಂದರೆ ತಿಳಿ. ಕೆಳಗಿನ ಒಂದೊಂದು ಕಲ್ಲೂ ಬಾದಾಮಿಯ ಬಂಡೆಯ ಬಣ್ಣ. ಚಿಕ್ಕವನಿದ್ದಾಗ ಅವ್ವ ನನ್ನನ್ನು ಮಹಾಕೂಟದ ಗುಡಿಗೆ ಕರೆದುಕೊಂಡು ಹೋಗಿ ಹೊಂಡದಲ್ಲಿ ಇಳಿಸುತ್ತಿದ್ದಳು. ಅಲ್ಲಿಯೂ ನೀರು ಇಷ್ಟೇ ತಿಳಿ. ನೆಲ ಹತ್ತಿರವೇ ಇದೆ ಎನ್ನಿಸುತ್ತದೆ, ಕಾಲು ಬಿಟ್ಟರೆ ಸಿಗುವುದಿಲ್ಲ. ಕಾಲಿಗೆ ಮೀನು ಬಂದು ಮುತ್ತಿಡುತ್ತಿದ್ದವು. ಟೇ ನದಿಯ ನಡುವೆ ನಿಂತು ನನಗೆ ಆ ಕಚಗುಳಿ ನೆನಪಾಗಿ, ಕೈಯಲ್ಲಿ ಗಾಳದ ಕೋಲಿರುವುದೇ ಮರೆತುಹೋಯಿತು.

ದಾರ ಅಲುಗಿತು. ಎತ್ತಿದೆ. ಗೇಣುದ್ದದ ಮೀನು.

ಅಜ್ಜ ಅದನ್ನು ನೀರಿನೊಳಗೇ ಹಿಡಿದು ಬಾಯಿ ತೆರೆದು ನೋಡಿದ. ಗಾಳ ಕಾಣಲಿಲ್ಲ. ನಾನು ಬಗ್ಗಿದೆ. ತುಟಿಯಲ್ಲಿಲ್ಲ, ನಾಲಿಗೆಯಲ್ಲಿಲ್ಲ. ದಾರ ನೇರವಾಗಿ ಗಂಟಲ ಕತ್ತಲೆಗೆ ಇಳಿದು ಹೋಗಿತ್ತು.

‘ಸಣ್ಣದಲ್ಲ? ಒಳಗ ಹೋಗಿಬಿಟ್ಟತಿ’ ಎಂದ ಅಜ್ಜ, ಮೆಲ್ಲಗೆ. ‘ದೊಡ್ಡದು ತುಟಿಗೇ ನಿಲ್ಲತೈತಿ. ಸಣ್ಣದನ್ನ ಅದು ನುಂಗತೈತಿ. ದಯಾ ಇದ್ದಾವ ಸಣ್ಣ ಗಾಳಾ ಹಿಡೀಬಾರದು.’

ಅವನು ಗಾಳ ಕೀಳಲು ಹೋಗಲಿಲ್ಲ. ಬಾಯಿಯ ಅಂಚಿಗೆ ದಾರ ಕತ್ತರಿಸಿ ಮೀನನ್ನು ಬಿಟ್ಟ. ಅದು ಓರೆಯಾಗಿ ಸ್ವಲ್ಪ ಹೋಗಿ, ಒಂದು ಕಲ್ಲಿನ ಮರೆಗೆ ನಿಂತು, ಆಮೇಲೆ ಕಾಣಲಿಲ್ಲ.

‘ಬದಕತೈತೇನ್ರಿ?’

‘ಒಮ್ಮೊಮ್ಮೆ ಒಳಗಿನ ಗಾಳಾ ತುಕ್ಕ ಹಿಡದು ಕರಗಿ ಹೋಗತೈತಿ. ಒಮ್ಮೊಮ್ಮೆ ಇಲ್ಲ. ಐವತ್ತ ವರ್ಷ ಈ ಹೊಳಿ ಕಾಯ್ದೀನಿ, ಒಂದೂ ವಾಪಸ ಬಂದು ನನಗ ಹೇಳಿಲ್ಲ.’

ಅಂದು ನಾನು ಊಟ ಮಾಡಲಿಲ್ಲ. ಅಜ್ಜಿ ಮಹಡಿಗೆ ಬಂದು ಬಾಗಿಲ ಬಳಿ ಆಲೂಗಡ್ಡೆಯ ತಟ್ಟೆ ಇಟ್ಟು ಹೋದಳು. ಕಿಟಕಿಯ ಆಚೆ ಆ ಮುಗಿಯದ ಬೆಳಕು. ಪ್ರಸಾದ ನಿಲಯದ ಊಟ ಉಂಡು ಕಲಿತದ್ದನ್ನು ಒಂದು ಗೇಣುದ್ದದ ಮೀನು ನುಂಗಿಕೊಂಡು ಹೋಗಿತ್ತು.

ಕುತ್ತಿಗೆ ಬಾಗಿದ ಗಾಳ

ಮರುದಿನ ಅಜ್ಜ ಬೇರೆ ಒಂದು ಡಬ್ಬಿ ತೆರೆದ. ಅದರೊಳಗಿನ ಗಾಳಗಳು ವಿಚಿತ್ರವಾಗಿದ್ದವು. ದಾರ ಕಟ್ಟುವ ಕಣ್ಣಿನ ಹತ್ತಿರ ಕುತ್ತಿಗೆ ಮೇಲಕ್ಕೆ ಬಾಗಿತ್ತು, ಕೊಕ್ಕರೆ ತಲೆ ಎತ್ತಿದಂತೆ. ಇವನ್ನು ಜಿಗ್ ಗಾಳ ಎನ್ನುತ್ತಾರೆ. ದೊಡ್ಡ ಮೀನಿಗೆ ಬೇಕಾದ ದೊಡ್ಡವು ಅಂಗಡಿಯಲ್ಲಿ ಸಿಗುತ್ತಿದ್ದವು. ಹೊಳೆಯ ಟ್ರೌಟ್‌ಗೆ ಬೇಕಾದ ಅಳತೆಯವನ್ನು ಅಜ್ಜ ತಾನೇ ಬಾಗಿಸಿಕೊಂಡಿದ್ದ.

ಒಂದು ಗಾಜಿನ ಪಾತ್ರೆಯಲ್ಲಿ ನೀರು ತುಂಬಿ ಮೊದಲು ಸಾದಾ ಗಾಳ ಬಿಟ್ಟ. ಅದರ ಮೊನೆ ಕೆಳಗೆ. ತಳದಲ್ಲಿ ಹಾಸಿದ್ದ ಅಜ್ಜಿಯ ಉಣ್ಣೆ ಅರಿವೆಗೆ ಸಿಕ್ಕಿಕೊಂಡಿತು. ಆಮೇಲೆ ಜಿಗ್ ಗಾಳದ ಕುತ್ತಿಗೆಗೆ ಸೀಸದ ತಂತಿ ಎರಡು ಸುತ್ತು ಸುತ್ತಿ ಬಿಟ್ಟ. ಅದು ನೀರಿನಲ್ಲಿ ಮೆಲ್ಲಗೆ ಮಗುಚಿ, ಬೆನ್ನು ಕೆಳಗೆ ಮೊನೆ ಮೇಲೆ ಮಾಡಿಕೊಂಡು, ಅರಿವೆಯ ಮೇಲೆ ಎಲ್ಲಿಯೂ ಸಿಕ್ಕದೆ ಜಾರಿತು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದಷ್ಟು ಸಲೀಸಾಗಿ.

‘ಮೊನಿ ಮ್ಯಾಲ ಇರತೈತಿ. ಅದಕ್ಕ ಮೇಲ್ದುಟಿಗೆ ಹತ್ತತೈತಿ. ಅಲ್ಲಿ ಬರೇ ಗಟ್ಟಿ ಚರ್ಮ, ನೆತ್ತರ ಕಡಿಮಿ’ ಎಂದ. ಮತ್ತೆ, ‘ಹತ್ತೇ ಹತ್ತತೈತಿ ಅಂತ ಆಣಿ ಮಾಡೂದಿಲ್ಲ ನಾನು. ಆದ್ರ ಭಾಳ ಸಲ’ ಎಂದ.

ಆರಿಸುವ ಕೆಲಸ ಆಗ ಶುರುವಾಯಿತು. ಒಂದು ಗಾಳಕ್ಕೆ ನಾಲ್ಕು ಸಂಜೆ ಹಿಡಿದವು. ಹನ್ನೆರಡನೆಯ ನಂಬರು, ತುಟಿಗೆ ನಿಲ್ಲುವಷ್ಟು ದೊಡ್ಡದು. ತಂತಿ ತೀರ ತೆಳ್ಳಗಿದ್ದರೆ ಬ್ಲೇಡಿನಂತೆ ಕೊಯ್ಯುತ್ತದೆ. ತೀರ ದಪ್ಪವಿದ್ದರೆ ಒಳಗೆ ಹೋಗಲು ಜೋರಾಗಿ ಜಗ್ಗಬೇಕು, ಅದೂ ಬೇಡ. ಬಾಗು ಅಗಲವಿರಬೇಕು. ಗಾಳವನ್ನು ದೀಪದ ಉರಿಗೆ ಹಿಡಿದು ಕೆಂಪಾಗಿಸಿ ಕುತ್ತಿಗೆ ಬಾಗಿಸಿ, ಮತ್ತೊಮ್ಮೆ ಕೆಂಪಾಗಿಸಿ ಎಣ್ಣೆಯಲ್ಲಿ ಅದ್ದುತ್ತಿದ್ದೆವು. ಕಾಯಿಸದೆ ಬಾಗಿಸಿದರೆ ಮುರಿಯುತ್ತದೆ; ಕಾಯಿಸಿದ್ದು ಹೆಚ್ಚಾದರೆ ಮೆತ್ತಗಾಗಿ, ಮೀನು ಎಳೆದಾಗ ನೆಟ್ಟಗಾಗುತ್ತದೆ. ಸರಿಯಾಯಿತೋ ಇಲ್ಲವೋ ತಿಳಿಯಲು ಇಕ್ಕಳಕ್ಕೆ ಸಿಕ್ಕಿಸಿ ಉಗುರಿನಿಂದ ಮೀಟಬೇಕು. ‘ಟಿಣ್’ ಎಂದರೆ ಚಲೋ. ‘ತಟ್’ ಎಂದರೆ ಕಸದ ಬುಟ್ಟಿಗೆ. ಅಪ್ಪ ಹಾಸಿನ ಎಳೆಗಳ ಮೇಲೆ ಹೀಗೆಯೇ ಅಂಗೈ ಆಡಿಸಿ, ಬಿಗಿ ಎಷ್ಟಿದೆ ಎಂದು ಸಪ್ಪಳದಿಂದ ಹೇಳುತ್ತಿದ್ದ. ನನಗೆ ಅದು ಓದು ಬಾರದವರ ವಿದ್ಯೆ ಎನ್ನಿಸುತ್ತಿತ್ತು. ಇಪ್ಪತ್ತು ಗಾಳಗಳಲ್ಲಿ ಮೂರು ಉಳಿದವು. ಮೂರರಲ್ಲಿ ಒಂದನ್ನು ಆರಿಸಿದೆ. ಕೊನೆಗೆ ಮೊನೆಯ ಒಳಗಿನ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದೆ. ಹೋದ ದಾರಿಯಲ್ಲೇ ಅದು ಹೊರಗೆ ಬರಬೇಕು.

ಹುಳ ಕಟ್ಟಿದೆ. ಕಂದು ಉಣ್ಣೆಯ ಮೈ, ಕೌಜುಗದ ಪುಕ್ಕದ ಕಾಲು. ಚೆನ್ನಾಗಿ ಕಟ್ಟಿದ್ದೇನೆ ಎಂಬ ಹೆಮ್ಮೆಯಿಂದ ಗಾಜಿನ ಪಾತ್ರೆಗೆ ಬಿಟ್ಟರೆ ಹುಳ ಕಾಲು ಮೇಲೆ ಮಾಡಿ ಸತ್ತ ಜಿರಳೆಯಂತೆ ಬಿದ್ದಿತು. ಗಾಳ ಮಗುಚುತ್ತದೆ ಎಂದ ಮೇಲೆ ಹುಳವನ್ನೂ ಮಗುಚಿಯೇ ಕಟ್ಟಬೇಕಲ್ಲ. ಅಜ್ಜ ನಕ್ಕು ಕೆಮ್ಮಿದ. ಅಜ್ಜಿ ಬಾಗಿಲಲ್ಲಿ ನಿಂತು, ‘ಅದು ಮೀನಿಗೆ ಅಲ್ಲ, ಅಂತ್ಯಕ್ರಿಯಾಕ್ಕ ಹೊಂಟೈತಿ’ ಎಂದಳು. ಬಿಚ್ಚಿ ಮತ್ತೆ ಕಟ್ಟಿದೆ. ಈ ಸಲ ಕುತ್ತಿಗೆಗೆ ಅವ್ವನ ರೊಟ್ಟಿ ಗಂಟಿನ ಕೆಂಪು ರೇಷ್ಮೆಯನ್ನು ನಾಲ್ಕು ಸುತ್ತು ಹಾಕಿ, ತುದಿಯನ್ನು ಸುತ್ತುಗಳ ಅಡಿಗೇ ಎಳೆದು ಮುಚ್ಚಿದೆ. ಅಜ್ಜ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.

‘ಗಂಟ ಎಲ್ಲೈತಿ?’

‘ತೆನಿ ಕೂಡಸಾವ್ರು ಗಂಟ ಕಾಣಗೊಡೂದಿಲ್ರಿ.’

‘ಇದನ್ನ ಆ ಕಾಗದದ ಮ್ಯಾಲ ಬರೀಬೇಕಿತ್ತ ನೋಡು’ ಎಂದ. ಪೆಟ್ಟಿಗೆಯ ತಳದ ಪ್ರಮಾಣಪತ್ರದ ಮಾತು ಎಂದು ನನಗೆ ತಿಳಿಯಿತು.

ಕಡೆಯ ವಾರ

ನನ್ನ ಸರದಿಯ ದಿನ ಮಂಜು ಏಳಲೇ ಇಲ್ಲ, ನೆಲಕ್ಕೆ ಅಂಟಿಕೊಂಡಿತ್ತು. ದಂಡೆಯ ಮೇಲೆ ಮಾಸ್ತರ ಕಾರ್ಡು ಹಿಡಿದು ನಿಂತಿದ್ದ. ಡಂಕನ್ ಅಜ್ಜ ಸ್ವಲ್ಪ ದೂರ ಒಂದು ಬಂಡೆಯ ಮೇಲೆ, ಈ ಕೆಲಸಕ್ಕೂ ತನಗೂ ಸಂಬಂಧವೇ ಇಲ್ಲ ಎಂಬಂತೆ, ಪೈಪು ತುಂಬುತ್ತಿದ್ದ. ನಾನು ನಡುಹೊಳೆಗೆ ಇಳಿದೆ. ಎರಡೂ ದಂಡೆ ಮಸುಕಾದವು. ನೀರು, ನಾನು, ಕೋಲು.

ಗಾಳ ಬಿಟ್ಟೆ. ಅದು ತಳ ಮುಟ್ಟಿ ಕಲ್ಲಿನಿಂದ ಕಲ್ಲಿಗೆ ಉರುಳುವುದು ಬೆರಳಿಗೆ ತಿಳಿಯುತ್ತಿತ್ತು. ಟಕ್, ಟಕ್, ಟಕ್. ಸಿಕ್ಕಿಕೊಳ್ಳುವುದಿಲ್ಲ, ಜಾರಿ ಮುಂದೆ ಹೋಗುತ್ತದೆ. ಮತ್ತೆ ಎತ್ತಿ ಮತ್ತೆ ಬಿಟ್ಟೆ. ಎಷ್ಟು ಸಲವೋ. ಲಾಳಿ ಆ ಕಡೆಯಿಂದ ಈ ಕಡೆಗೆ ಹೋದ ಹಾಗೆ. ಒಂದು ಹೊತ್ತಿನಲ್ಲಿ ನಾನು ಇಳಕಲ್ಲಿನ ಮನೆಯಲ್ಲಿ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತಿದ್ದೇನೆ, ಮಗ್ಗದ ಕೆಳಗೆ ತಣ್ಣಗೆ ಹೊಳೆ ಹರಿಯುತ್ತಿದೆ, ಅಪ್ಪ ಬೀಡಿ ಸೇದುತ್ತ ಯಾವುದೋ ಇರುವೆ ದಾಟುವುದನ್ನು ಕಾಯುತ್ತಿದ್ದಾನೆ ಎನ್ನಿಸಿತು. ಮೀನು ಬಾರದಿದ್ದರೂ ಚಲೋ ಎಂದುಕೊಂಡೆ. ಕುಣಿ ಅಷ್ಟೇನೂ ಕೆಟ್ಟದ್ದಲ್ಲ.

ಟಕ್ ನಿಂತಿತು. ದಾರ ಅಲ್ಲಾಡಲಿಲ್ಲ, ಬರೀ ನಿಂತಿತು. ಮಣಿಕಟ್ಟು ಎತ್ತಿದೆ.

ಮೀನು ಮೊಳದಷ್ಟಿತ್ತು. ಕಂದು ಬೆನ್ನು, ಮಗ್ಗುಲಲ್ಲಿ ಕೆಂಪು ಚುಕ್ಕೆ, ಪ್ರತಿ ಚುಕ್ಕೆಯ ಸುತ್ತ ಬಿಳಿ ಉಂಗುರ. ಹತ್ತಿರ ತಂದು ನೀರಿನೊಳಗೇ ಬಾಯಿ ನೋಡಿದೆ. ಮೇಲ್ದುಟಿಯ ನಡುವೆ ಸರಿಯಾಗಿ, ಅವ್ವನ ಕೆಂಪು ರೇಷ್ಮೆ. ನೆತ್ತರಿಲ್ಲ. ಗಾಳ ಹಿಡಿದು ಹೊರಳಿಸಿದೆ, ಹೋದ ದಾರಿಯಲ್ಲೇ ಬಂತು. ಅಳತೆ ಕೂಗಿ ಹೇಳಿದೆ. ಎರಡು ಹುರುಪೆ ತೆಗೆದು ಲಕೋಟೆಗೆ ಹಾಕಿದೆ. ಎರಡೂ ಅಂಗೈಯಲ್ಲಿ ಮೀನನ್ನು ಪ್ರವಾಹಕ್ಕೆ ಎದುರಾಗಿ ಹಿಡಿದು ಬಿಟ್ಟೆ.

ಅದು ಹೋಗಲಿಲ್ಲ.

ಅಂಗೈಯಲ್ಲಿ ಓರೆಯಾ‍ಗಿ ಬಿದ್ದುಕೊಂಡಿತು. ಕಿವಿರು ನಿಂತಿತ್ತು. ದಂಡೆಯಿಂದ ಮಾಸ್ತರ, ‘ಬಿಡು, ಹೊತ್ತಾಗುತ್ತದೆ’ ಎಂದ. ಬಂಡೆಯ ಮೇಲಿನಿಂದ ಡಂಕನ್ ಅಜ್ಜ, ‘ಬಿಡಬ್ಯಾಡ. ಹಿಡಕೊಂಡ ನಿಂದರು. ಬಾಯಾಗ ನೀರ ಹೋಗಲಿ’ ಎಂದ. ಅವನು ಪೈಪು ಹಚ್ಚಿರಲಿಲ್ಲ. ಕಡ್ಡಿ ಬೆರಳಿನವರೆಗೆ ಉರಿದಿತ್ತು.

ನಿಂತೆ. ಕೈ ಮರಗಟ್ಟಿತು, ಎಲ್ಲಿ ನನ್ನ ಬೆರಳು ಮುಗಿಯಿತು, ಎಲ್ಲಿ ಮೀನು ಶುರುವಾಯಿತು ತಿಳಿಯದಂತಾಯಿತು. ಕಾರ್ಡಿನ ನೆನಪಾಗಲಿಲ್ಲ. ಒಂದು ಸಲ ಕಿವಿರು ತೆರೆಯಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಸಲ. ಆಮೇಲೆ ತಾಳ ಹಿಡಿಯಿತು. ಬಾಲ ಒಮ್ಮೆ ನನ್ನ ಮಣಿಕಟ್ಟಿಗೆ ತಾಗಿತು, ಅಂಗೈ ಖಾಲಿ.

ಮಾಸ್ತರ ಸಹಿ ಮಾಡಿದ. ಕಾರ್ಡಿಗೆ ಮಂಜಿನ ಹನಿ ಬಿದ್ದು ಅವನ ಹೆಸರು ಸ್ವಲ್ಪ ಹರಡಿತು. ಇಂದಿಗೂ ಹಾಗೇ ಇದೆ.

ಹೊರಡುವ ದಿನ ಅಜ್ಜಿ ಓಟ್ಸ್ ರೊಟ್ಟಿಯನ್ನು ಅವ್ವನ ಗಂಟಿನ ಅದೇ ಅರಿವೆಯಲ್ಲಿ ಕಟ್ಟಿ ಕೊಟ್ಟಳು. ಅಜ್ಜ ಕೆಂಪು ರೇಷ್ಮೆಯ ಗಾಳವನ್ನು ಬೆಂಡಿನ ತುಂಡಿಗೆ ಚುಚ್ಚಿ ನನ್ನ ಕಿಸೆಯಲ್ಲಿಟ್ಟ. ‘ನಿಮ್ಮವ್ವಗ ತೋರಸು. ಆದ್ರ ಎಲ್ಲಾ ಹೇಳಬೇಕ ನೋಡ್ಪಾ. ಬರೇ ಚಲೋದು ಹೇಳಬ್ಯಾಡ’ ಎಂದ.

ಮಹಾಕೂಟ

ಇಳಕಲ್ಲಿನ ಮನೆಯಲ್ಲಿ ಅವ್ವ ಗಾಳವನ್ನು ಬೆಂಡಿನ ಸಮೇತ ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲು ರೇಷ್ಮೆ ನೋಡಿದಳು.

‘ಇದು ನಮ್ಮ ಸೆರಗಿನ ಎಳಿ.’

‘ಹೌದ ಬೇ.’

‘ಮಾತ ಉಳಿಸಿಕೊಂಡೇನು?’

ಎಲ್ಲ ಹೇಳಿದೆ. ಮಾಸ್ತರ ಸೀಳಿದ್ದು ನನ್ನ ಕೈಯಲ್ಲಲ್ಲ. ಇದರಿಂದ ಹಿಡಿದದ್ದು ಬದುಕಿ ಹೋಯಿತು, ಕಣ್ಣಾರೆ ಕಂಡಿದ್ದೇನೆ. ಅದಕ್ಕಿಂತ ಮೊದಲು ಒಂದು ಮೀನು ಸಣ್ಣ ಗಾಳ ನುಂಗಿಕೊಂಡು ಹೋಯಿತು. ಅದರದು ನನಗೆ ಗೊತ್ತಿಲ್ಲ. ಸಣ್ಣ ಗಾಳ ಆರಿಸಿದವನು ನಾನೇ.

ಅವ್ವ ಬಯ್ಯಲಿಲ್ಲ. ಮೊನೆಯನ್ನು ಹೆಬ್ಬೆರಳಿಗೆ ಒತ್ತಿ ನೋಡಿಕೊಂಡಳು.

‘ಬದುಕಿ ಹೋತು ಅಂದೆಲ್ಲ. ಅದಕ್ಕ ನೋವ ಆಗಿತ್ತೇನು?’

ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವನು ನಾನು. ಕಿಸೆಯಲ್ಲಿ ಸಹಿ ಬಿದ್ದ ಕಾರ್ಡು. ಗಾಳವನ್ನು ಅವಳ ಕೈಯಿಂದ ತೆಗೆದು ಮತ್ತೆ ಬೆಂಡಿಗೆ ಚುಚ್ಚಿದೆ.

‘ನಾಳಿ ಮಹಾಕೂಟಕ್ಕ ಹೋಗೂಣು’ ಎಂದಳು.

ಬಾದಾಮಿಯಿಂದ ಟಾಂಗಾದಲ್ಲಿ ಹೋದೆವು. ಅವ್ವನ ಉಡಿಯಲ್ಲಿ ಒಂದು ಸೇರು ಚುರುಮರಿ. ಹೊಂಡದ ಮೆಟ್ಟಿಲ ಮೇಲೆ ಕುಳಿತು ಹಿಡಿ ಹಿಡಿಯಾಗಿ ನೀರಿಗೆ ಬಿಟ್ಟಳು. ತಿಳಿನೀರಿನ ಆಳದಿಂದ ಮೀನುಗಳು ನೆರಳಿನಂತೆ ಎದ್ದು ಬಂದವು. ಪಕ್ಕದಲ್ಲಿ ಕಾಲು ತೊಳೆಯುತ್ತಿದ್ದ ಕೆರೂರಿನ ಕಡೆಯ ಒಬ್ಬ ಹೆಣ್ಣುಮಗಳು ನನ್ನ ಪ್ಯಾಂಟು ಬೂಟು ನೋಡಿ, ‘ನಿಮ್ಮ ಮಗಾ ಎಲ್ಲಿ ನೌಕರಿ ಮಾಡ್ತಾನ್ರಿ?’ ಎಂದು ಕೇಳಿದಳು.

ಅವ್ವ ಸೆರಗು ಸರಿ ಮಾಡಿಕೊಂಡಳು.

‘ಮೀನಿನ ಆಫೀಸಿನ್ಯಾಗ’ ಎಂದಳು.

ನಾನು ಅವಳ ಕಡೆ ನೋಡಲಿಲ್ಲ. ನೀರಿನ ಮೇಲೆ ದುಂಡನೆಯ ಬಾಯಿಗಳು ತೆರೆದು ಮುಚ್ಚಿ ಚುರುಮರಿ ಎಳೆದುಕೊಳ್ಳುತ್ತಿದ್ದವು. ಸಾವಿರಾರು ಮೈಲಿ ಆಚೆಯ ಹೊಳೆಯ ಮೀನು ಇಲ್ಲಿಗೆ ಬರುವುದಿಲ್ಲ ಎಂಬುದು ನನಗೆ ಗೊತ್ತು, ಅಷ್ಟು ಓದಿದ್ದೇನೆ. ಆದರೂ ಚುರುಮರಿ ಮುಗಿಯುವವರೆಗೆ ಬಗ್ಗಿ ಕುಳಿತು, ಬಂದ ಪ್ರತಿಯೊಂದು ಮೀನಿನ ಮೇಲ್ದುಟಿಯನ್ನೂ ನೋಡಿದೆ.